ಮೋಡ ಕಂಡು ಓಟ ನಿಲ್ಲಿಸುವವರು ಯಾರು?

ಮಳೆ ಹೊಳವಾದ ಒಂದು ಬೆಳಿಗ್ಗೆ ಮರವಂತೆಯಲ್ಲಿ ನಿಂತು ಪೂರ್ವಕ್ಕೆ ಮುಖ ಮಾಡಿ. ಬೆನ್ನಿಗೆ ಕಡಲು, ಎದುರಿಗೆ ಸೌಪರ್ಣಿಕಾ, ಅದರಾಚೆ ನೀಲಿಗಟ್ಟಿದ ಘಟ್ಟದ ಸಾಲು. ಈ ಹೊಳೆ ಇಳಿದು ಬರುವುದು ಕೊಡಚಾದ್ರಿಯಿಂದ. ಹೊಳೆ ಬಂದ ದಿಕ್ಕು ಹಿಡಿದು ಕೊಲ್ಲೂರಿಗೆ ಓಡಿ, ಅಲ್ಲಿಂದ ಕಾಡುದಾರಿಯಲ್ಲಿ 1,343 ಮೀಟರ್ ಎತ್ತರದ ನೆತ್ತಿ ಹತ್ತಿದರೆ ಐವತ್ತು ಕಿಲೋಮೀಟರಿನ ಆಸುಪಾಸು. ಅಲೆ ಮುಟ್ಟಿ ಹೊರಟು ಶಿಖರ ಮುಟ್ಟುವುದು! ಬೆಟ್ಟದ ಓಟ ಏರ್ಪಡಿಸುವವರಿಗೆ ಇದಕ್ಕಿಂತ ಒಳ್ಳೆಯ ಪೋಸ್ಟರ್ ಇನ್ನೊಂದು ಸಿಗಲಿಕ್ಕಿಲ್ಲ. ನಕ್ಷೆ ಬಿಡಿಸಿದ ಯಾರಿಗಾದರೂ ಇಂದಲ್ಲ ನಾಳೆ ಈ ಯೋಚನೆ ಹೊಳೆದೇ ಹೊಳೆಯುತ್ತದೆ. ಅರ್ಜಿ ಮೇಜಿಗೆ ಬಂದ ಮೇಲೆ ಮಾತಾಡುವುದಕ್ಕಿಂತ ಈಗಲೇ ಆಡಿಬಿಡುವುದು ಒಳ್ಳೆಯದೆಂದು ಈ ಬರಹ.

42.195 ಕಿ.ಮೀ. ದಾಟಿದ ಓಟವೆಲ್ಲ ಅಲ್ಟ್ರಾ. ಚಿಕ್ಕಮಗಳೂರು ಕಡೆಯ ಕಾಫಿ ತೋಟಗಳಲ್ಲಿ ನಡೆಯುವ ಮಲ್ನಾಡ್ ಅಲ್ಟ್ರಾದಲ್ಲಿ 50 ಕಿ.ಮೀ., ಅದಕ್ಕೂ ಹೆಚ್ಚು ಓಡುವವರಿದ್ದಾರೆ. ಇತ್ತ ಮಣಿಪಾಲ ಮ್ಯಾರಥಾನ್ ನಮ್ಮ ಮಕ್ಕಳಿಗೆ ಓಟದ ರುಚಿ ಹತ್ತಿಸಿ ವರ್ಷಗಳಾದವು. ನಸುಕಿನಲ್ಲಿ ಬ್ರಹ್ಮಾವರದ ಸರ್ವಿಸ್ ರಸ್ತೆ, ಕುಂದಾಪುರದ ಗಾಂಧಿ ಮೈದಾನ, ಬೈಂದೂರಿನ ಸೋಮೇಶ್ವರದ ದಂಡೆ ಕಂಡವರಿಗೆ ಈ ಮಾತು ಹೊಸತಲ್ಲ. ಓಡುವವರ ಮೇಲೆ ನಮಗೆ ಯಾವ ತಕರಾರೂ ಇಲ್ಲ. ತಕರಾರು ಇರುವುದು, ಓಡಿಸುವವರು ಕೇಳಿಕೊಳ್ಳದೆ ಬಿಡುವ ಒಂದು ಪ್ರಶ್ನೆಯ ಬಗ್ಗೆ.

ಆ ಪ್ರಶ್ನೆ ಯಾವುದೆಂದು ತಿಳಿಯಲು ಚೀನಾದ ಗಾನ್ಸು ಪ್ರಾಂತ್ಯಕ್ಕೆ ಹೋಗಬೇಕು. 2021ರ ಮೇ 22ರಂದು ಅಲ್ಲಿ 100 ಕಿ.ಮೀ. ಬೆಟ್ಟದ ಓಟವಿತ್ತು. ಹೊರಟವರು 172 ಮಂದಿ. ಹವೆ ಕೆಡುವ ಮುನ್ಸೂಚನೆ ಮೊದಲೇ ಇತ್ತು. ಗಾಳಿ ತಡೆಯುವ ಜಾಕೆಟ್ಟು ಕಡ್ಡಾಯ ಸಾಮಾನಿನ ಪಟ್ಟಿಯಲ್ಲಿ ಇರಲಿಲ್ಲ, ತಂದರೆ ಒಳ್ಳೆಯದು ಎಂಬ ಸಲಹೆಯಷ್ಟೇ ಇತ್ತು. ಎರಡನೆಯ ತಂಗುದಾಣದಿಂದ ಮೂರನೆಯದಕ್ಕೆ ಎಂಟು ಕಿ.ಮೀ. ದೂರ, ಸಾವಿರ ಮೀಟರ್ ಏರು, ವಾಹನ ಹೋಗದ ಕಲ್ಲುದಾರಿ. ಆ ಏರಿನಲ್ಲೇ ಆಲಿಕಲ್ಲು, ಹಿಮಗಾಳಿ, ಮಳೆ ಒಟ್ಟಿಗೆ ಎರಗಿದವು. ಸತ್ತವರು 21 ಜನ. ಹೊಸಬರಷ್ಟೇ ಸತ್ತರೆಂದುಕೊಳ್ಳಬೇಡಿ, ಆ ದೇಶದ ಹೆಸರಾಂತ ಅಲ್ಟ್ರಾ ಓಟಗಾರ ಲಿಯಾಂಗ್ ಜಿಂಗ್ ಕೂಡ ಅವರಲ್ಲಿದ್ದರು. ಆರು ಮಂದಿಯ ಜೀವ ಉಳಿಸಿದ್ದು ಝು ಕೆಮಿಂಗ್ ಎಂಬ ಕುರಿಗಾಹಿ. ಆಡುಕುರಿ ಮೇಯಿಸುವಾಗ ಮಳೆಗೆ ಹೊಗುವ ಗುಹೆಯಲ್ಲಿ ಅವನು ಬೆಂಕಿ ಹಾಕಿಕೊಂಡು ಕೂತಿದ್ದ. ಗುಹೆಯಲ್ಲಿ ಅವನ ಬಟ್ಟೆಬರೆ, ಹೊದಿಕೆ ಇದ್ದವು. ಸಂಘಟಕರ ನಕ್ಷೆಯಲ್ಲಿ ಆ ಗುಹೆಯೂ ಇರಲಿಲ್ಲ, ಅವನೂ ಇರಲಿಲ್ಲ.

ಕೊಡಚಾದ್ರಿ ಅಷ್ಟು ಎತ್ತರವೂ ಅಲ್ಲ, ಅಷ್ಟು ಚಳಿಯೂ ಇಲ್ಲ ಎಂದು ಕೆಲವರು ಹೇಳುತ್ತಾರೆ. ಎತ್ತರದ ಕಾಯಿಲೆ ಸಾಮಾನ್ಯವಾಗಿ 2,500 ಮೀಟರ್ ದಾಟಿದ ಮೇಲಿನ ಮಾತು, ಸರಿ. ಲಡಾಖಿನ ಖಾರ್ದುಂಗ್ ಲಾ ಕಣಿವೆದಾರಿಯ 72 ಕಿ.ಮೀ. ಓಟಕ್ಕೆ 5,300 ಮೀಟರ್ ದಾಟಿ ಹೋಗಬೇಕು. ಅಲ್ಲಿಗೆ ಹೋಗುವವರು ದಿನಗಟ್ಟಲೆ ಮೊದಲೇ ಲೇಹ್‌ಗೆ ಹೋಗಿ ಕೂತು, ಮೈಯನ್ನು ತೆಳು ಗಾಳಿಗೆ ಒಗ್ಗಿಸಿಕೊಳ್ಳುತ್ತಾರೆ. ಹೆದರಿಕೆ ಇರುವಲ್ಲಿ ತಯಾರಿಯೂ ಇರುತ್ತದೆ. ನಮ್ಮ ಗುಡ್ಡಕ್ಕೆ ಮಾತ್ರ ಯಾರೂ ಹೆದರುವುದಿಲ್ಲ, ಜೀಪು ಹೋಗುತ್ತದಲ್ಲ!

ಆದರೆ ಒದ್ದೆ ಮೈಗೆ ಗಾಳಿ ಬಡಿದರೆ ಸಾಕು, ಮೈ ತಣ್ಣಗಾಗಲು ಹಿಮ ಬೀಳಬೇಕೆಂದೇನೂ ಇಲ್ಲ. ಐದಾರು ಗಂಟೆ ಓಡಿದ ದೇಹದಲ್ಲಿ ಉರಿಸಲು ಸಕ್ಕರೆ ಹೆಚ್ಚು ಉಳಿದಿರುವುದಿಲ್ಲ. ಓಡುವಷ್ಟು ಹೊತ್ತು ಬಿಸಿ ಇರುತ್ತದೆ; ಕಾಲು ಉಳುಕಿಯೋ ದಾರಿ ತಪ್ಪಿಯೋ ನಿಂತ ಕೂಡಲೇ ನಡುಕ ಶುರು. ಕೊಡಚಾದ್ರಿ ನೆತ್ತಿಯ ಸರ್ವಜ್ಞ ಪೀಠದ ಬಯಲಲ್ಲಿ ಮೋಡ ಮುಚ್ಚಿ, ಮಳೆ ಅಡ್ಡಡ್ಡ ಹೊಡೆಯುವಾಗ ನಿಂತವರಿಗೆ ಇದು ಗೊತ್ತು. ನಡುಕ ಹೆಚ್ಚಾದರೆ ಮಾತು ತೊದಲುತ್ತದೆ, ಬುದ್ಧಿ ಮಂಕಾಗುತ್ತದೆ. ಆ ಹೊತ್ತಿನಲ್ಲಿ ಕೇಳಿದರೆ ಓಟಗಾರ ಏನು ಹೇಳುತ್ತಾನೆ? ನನಗೇನೂ ಆಗಿಲ್ಲ, ಇನ್ನು ಸ್ವಲ್ಪವೇ ಬಾಕಿ, ಬಿಡಿ ಎನ್ನುತ್ತಾನೆ. ಹಾಗಾಗಿ ನಿಲ್ಲುವ ತೀರ್ಮಾನವನ್ನು ಓಡುವವನ ಕೈಗೆ ಕೊಡುವಂತಿಲ್ಲ. ಶುಲ್ಕ ತೆಗೆದುಕೊಂಡ ಸಂಘಟಕನ ಕೈಗೂ ಕೊಡುವಂತಿಲ್ಲ. ಅವನಿಗೆ ಮೋಡಕ್ಕಿಂತ ವೇದಿಕೆ, ಪದಕ, ಪ್ರಾಯೋಜಕರ ಬ್ಯಾನರ್ ಹತ್ತಿರ ಕಾಣುತ್ತವೆ. ಹಾಗಾದರೆ ಯಾರು?

ಅದಕ್ಕೂ ಮೊದಲು ಓಟಕ್ಕೆ ದಿನ ಹುಡುಕಿ ನೋಡಿ. ಜೂನ್‌ನಿಂದ ಸೆಪ್ಟೆಂಬರ್ ಬಿಟ್ಟುಬಿಡಿ. ವರ್ಷಕ್ಕೆ 4,000 ಮಿ.ಮೀ. ಮಳೆ ಬೀಳುವ ಜಿಲ್ಲೆ ಇದು, ಘಟ್ಟದ ಬುಡದಲ್ಲಿ ಇನ್ನೂ ಜಾಸ್ತಿ. 2023ರ ಜುಲೈಯಲ್ಲಿ ಕೊಲ್ಲೂರು ಬಳಿಯ ಅರಶಿನಗುಂಡಿ ಜಲಪಾತದಲ್ಲಿ ಕಾಲು ಜಾರಿದ ಯುವಕನ ದೇಹ ಸಿಗಲು ಒಂದು ವಾರ ಹಿಡಿಯಿತು. ಅದು ಒಬ್ಬನೇ ಒಬ್ಬ, ಬಿದ್ದ ಜಾಗವೂ ಗೊತ್ತಿತ್ತು. ಅಕ್ಟೋಬರ್, ನವೆಂಬರಿನಲ್ಲಿ ಮಳೆ ತಗ್ಗಿತು ಅಂದುಕೊಂಡರೆ ಮಧ್ಯಾಹ್ನದ ಮೇಲೆ ಗುಡುಗು, ಸಿಡಿಲು. ಬೋಳು ನೆತ್ತಿಯ ಮೇಲೆ ಸಿಡಿಲಿಗೆ ಸಿಗುವ ಅತಿ ಎತ್ತರದ ವಸ್ತು ಮನುಷ್ಯನೇ. ಜೊತೆಗೆ ನವರಾತ್ರಿ, ಆಗ ಕೊಲ್ಲೂರಿನಲ್ಲಿ ಕಾಲಿಡಲು ಜಾಗವಿಲ್ಲ. ಮಾರ್ಚಿನಿಂದ ಸೆಕೆ, ಕಾಳ್ಗಿಚ್ಚು.

ಉಳಿದದ್ದು ಡಿಸೆಂಬರ್‌ನಿಂದ ಫೆಬ್ರವರಿ. ಓಟಕ್ಕೆ ಹೇಳಿ ಮಾಡಿಸಿದ ಹವೆ. ಮಂಗನ ಕಾಯಿಲೆಗೂ ಅಷ್ಟೇ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ಜ್ವರ ಹರಡುವುದು ಉಣ್ಣಿಯಿಂದ, ಅದರಲ್ಲೂ ಚಳಿಗಾಲದಿಂದ ಬೇಸಗೆವರೆಗೆ ತರಗೆಲೆಯ ಮೇಲೆ ಹರಿದಾಡುವ, ಕಣ್ಣಿಗೆ ಸುಲಭಕ್ಕೆ ಕಾಣದಷ್ಟು ಸಣ್ಣ ಮರಿ ಉಣ್ಣಿಯಿಂದ. 2019ರ ಆರಂಭದಲ್ಲಿ ಸಾಗರದ ಅರಳಗೋಡಿನಲ್ಲಿ ಜನ ಸತ್ತಾಗ ಘಟ್ಟದ ಕೆಳಗೆ ಕುಂದಾಪುರದ ಕಡೆಯೂ ಮಂಗಗಳು ಸತ್ತು ಬಿದ್ದದ್ದು ನಮಗೆ ನೆನಪಿದೆ. ಪೊದೆ ಸವರಿಕೊಂಡು ಓಡುವವನು, ಸುಸ್ತಾಗಿ ತರಗೆಲೆಯ ಮೇಲೆ ಕೂರುವವನು, ಚಡ್ಡಿ ತೊಟ್ಟವನು, ಇವರಿಗಿಂತ ಸುಲಭದ ತುತ್ತು ಉಣ್ಣಿಗೆ ಬೇಡ. ಕಚ್ಚಿದ ಮೂರರಿಂದ ಎಂಟು ದಿನಕ್ಕೆ ಜ್ವರ. ಅಷ್ಟರಲ್ಲಿ ಓಟಗಾರ ಬೆಂಗಳೂರಿನ ತನ್ನ ಆಫೀಸಿನಲ್ಲಿ ಇರುತ್ತಾನೆ. ಅಲ್ಲಿನ ವೈದ್ಯರು ಡೆಂಗಿ ಪರೀಕ್ಷೆ ಬರೆದುಕೊಟ್ಟು ಕಳಿಸಿದರೆ ಅವರನ್ನು ದೂರುವಂತಿಲ್ಲ. ಕಾಡಿಗೆ ಹೋಗಿದ್ದೆ ಎಂದು ಇವನಿಗೆ ಹೇಳಲು ತೋಚಬೇಕಲ್ಲ. ಓಟ ಮುಗಿದ ಹತ್ತು ದಿನದವರೆಗೆ ಪ್ರತಿಯೊಬ್ಬನಿಗೂ ಫೋನು ಮಾಡಿ ಜ್ವರ ಉಂಟಾ ಎಂದು ಕೇಳುವ ಕೆಲಸ ಸಂಘಟಕರದ್ದೇ ಆಗಬೇಕು.

ಮುಂದಿನದು ಗಡಿಯ ಸಮಸ್ಯೆ. ಕೊಲ್ಲೂರು ಉಡುಪಿ ಜಿಲ್ಲೆ, ಬೈಂದೂರು ತಾಲೂಕು. ಕೊಡಚಾದ್ರಿಯ ನೆತ್ತಿ ಶಿವಮೊಗ್ಗ ಜಿಲ್ಲೆ, ಹೊಸನಗರ ತಾಲೂಕು. ನಡುವೆ ಮೂಕಾಂಬಿಕಾ ವನ್ಯಜೀವಿ ಧಾಮ. 1972ರ ವನ್ಯಜೀವಿ ಕಾಯಿದೆ ಪ್ರಕಾರ ಅಲ್ಲಿಗೆ ಕಾಲಿಡಲು ಅರಣ್ಯ ಇಲಾಖೆಯ ಅನುಮತಿ ಬೇಕು. ಮೇಲೆ ಒಬ್ಬ ಬಿದ್ದನೆನ್ನಿ. 108ಕ್ಕೆ ಕರೆ ಮಾಡಲು ಮೊಬೈಲಿಗೆ ಸಿಗ್ನಲ್ ಬೇಕು. ಸಿಕ್ಕರೂ ಯಾವ ಜಿಲ್ಲೆಯ ಆಂಬುಲೆನ್ಸ್ ಹೊರಡಬೇಕು? ಕಾರೆಕಟ್ಟೆ ಕಡೆಯ ಕಾಡುದಾರಿಗೆ ಚಕ್ರ ಇಳಿಯುವುದಿಲ್ಲ, ಗಾಯಾಳುವನ್ನು ಹೊತ್ತೇ ತರಬೇಕು. ಜೀಪಿನ ದಾರಿಯೆಂದರೆ ನಾಗೋಡಿ, ನಿಟ್ಟೂರು, ಕಟ್ಟಿನಹೊಳೆ ಸುತ್ತಿಕೊಂಡು ಮೂಳೆ ಸಡಿಲಿಸುವ ಪ್ರಯಾಣ. ಕೊಲ್ಲೂರು ತಲುಪಿದ ಮೇಲೂ ಮಣಿಪಾಲದ ದೊಡ್ಡಾಸ್ಪತ್ರೆಗೆ ಸುಮಾರು 80 ಕಿ.ಮೀ. ಗಾನ್ಸುವಿನ ಆ ಎಂಟು ಕಿಲೋಮೀಟರನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು.

ಕರಾವಳಿಯ ತುಂಡಿನಲ್ಲಿ ಕಷ್ಟ ಬೇರೆ. ಬೆವರು ಸುರಿಯುತ್ತದೆ, ಆರುವುದಿಲ್ಲ; ಆರದ ಬೆವರು ಮೈ ತಣಿಸುವುದಿಲ್ಲ. ಓಡುತ್ತಲೇ ತಲೆಗೆ ಬಿಸಿ ಏರಿ ಬಿದ್ದವನನ್ನು ಮೊದಲು ತಣಿಸಬೇಕು, ಆಮೇಲೆ ಆಸ್ಪತ್ರೆಗೆ ಸಾಗಿಸಬೇಕು ಎನ್ನುವುದು ಕ್ರೀಡಾ ವೈದ್ಯರು ಪಾಲಿಸುವ ಕ್ರಮ. ಐಸು ತುಂಬಿದ ನೀರಿನ ತೊಟ್ಟಿಯಲ್ಲಿ ಕುತ್ತಿಗೆವರೆಗೆ ಮುಳುಗಿಸುವುದೇ ಉತ್ತಮ ಮದ್ದು. ಗಂಗೊಳ್ಳಿ ಬಂದರು ಇರುವ ಊರಿಗೆ ಐಸಿನ ಬರ ಇಲ್ಲ. ಮೀನಿಗೆ ಹಾಕುವ ಐಸನ್ನು ಮನುಷ್ಯನಿಗೆ ಹಾಕಲು ಯಾರಿಗೂ ಹೊಳೆಯುವುದಿಲ್ಲ ಅಷ್ಟೇ. ಇನ್ನು ನೀರು ಕುಡಿಯಿರಿ, ಕುಡಿಯಿರಿ ಎಂಬ ಒತ್ತಾಯವೂ ಅಪಾಯವೇ. 2002ರ ಬಾಸ್ಟನ್ ಮ್ಯಾರಥಾನ್ ಮುಗಿಸಿ ರಕ್ತದ ಮಾದರಿ ಕೊಟ್ಟ 488 ಓಟಗಾರರಲ್ಲಿ ಶೇ. 13ರಷ್ಟು ಜನರ ರಕ್ತದಲ್ಲಿ ಸೋಡಿಯಂ ಇರಬೇಕಾದ್ದಕ್ಕಿಂತ ಕಡಿಮೆ ಇತ್ತು. ಬಹುಪಾಲು ಕಾರಣ ಬಾಯಾರಿಕೆ ಮೀರಿ ಕುಡಿದದ್ದು. ಗದ್ದೆ ಕೆಲಸದ ನಡುವೆ ಗಂಜಿ, ಉಪ್ಪಿನಕಾಯಿ ಉಂಡವರಿಗೆ ಈ ಅಧ್ಯಯನ ಬೇಕಿರಲಿಲ್ಲವೇನೋ.

ಪ್ರಶ್ನೆಗೆ ಮರಳೋಣ. ನಿಲ್ಲಿಸುವವರು ಯಾರು? ಕೊಡಚಾದ್ರಿಯ ಜೀಪಿನವರು, ಮೂಲ ಮೂಕಾಂಬಿಕೆಯ ಗುಡಿಯ ಆಸುಪಾಸಿನಲ್ಲಿ ಬದುಕುವವರು, ಕಾಡಿನಂಚಿನ ಕುಡುಬಿ ಮನೆಗಳವರು, ಅರಣ್ಯ ಇಲಾಖೆಯ ವಾಚರುಗಳು, ನಮ್ಮ ಪಾಲಿನ ಝು ಕೆಮಿಂಗ್‌ಗಳು ಇವರೇ. ಓಟದ ದಿನ ಇವರಿಗೆ ಸಿಗುವ ಕೆಲಸ ಬಾಳೆಹಣ್ಣು ಹಂಚುವುದು, ದಾರಿ ತೋರಿಸುವುದು, ಒಂದು ಟೀ ಶರ್ಟು. ಇವರಲ್ಲೊಬ್ಬರು ಬೆಳಿಗ್ಗೆ ಏಳಕ್ಕೆ ಪಡುವಣದ ಕಡೆ ನೋಡಿ, "ಹ್ವಾಯ್, ಇವತ್ತ್ ಬ್ಯಾಡ ಮರ್ರೆ, ಮೋಡ ಕಾಣಿ" ಎಂದರೆ ಆ ಮಾತಿಗೆ ಎಷ್ಟು ಬೆಲೆ? ಈಗಿನ ಕ್ರಮದಲ್ಲಿ ಏನೂ ಇಲ್ಲ. ಆ ಮಾತಿಗೆ ಕಾಗದದ ಮೇಲೆ ಅಧಿಕಾರ ಬರಬೇಕೆಂಬುದು ನಮ್ಮ ಆಗ್ರಹ. ಬೆಟ್ಟ ಬಲ್ಲ ಇಬ್ಬರು ಸ್ಥಳೀಯರು, ಒಬ್ಬ ಅರಣ್ಯಾಧಿಕಾರಿ, ಒಬ್ಬ ವೈದ್ಯ. ಸಂಘಟಕರಿಂದ ಸಂಬಳ ಪಡೆಯದ ಈ ನಾಲ್ವರಲ್ಲಿ ಇಬ್ಬರು ಬೇಡವೆಂದರೆ ಓಟ ಅಲ್ಲಿಗೆ ನಿಲ್ಲಬೇಕು, ಮೇಲ್ಮನವಿ ಇಲ್ಲ. ಸ್ಥಳೀಯರಿಬ್ಬರ ದಿನದ ಕೂಲಿ ತಾಲೂಕು ಆಡಳಿತದ ಮೂಲಕ ಸಲ್ಲಲಿ.

ಇದರ ಜೊತೆಗೇ ದುಡ್ಡಿನ ಮಾತನ್ನೂ ಮುಗಿಸಬೇಕು. ಓಟ ರದ್ದಾದರೆ ಶುಲ್ಕ ಮರಳುತ್ತದೆಯೇ, ಮುಂದಿನ ವರ್ಷಕ್ಕೆ ಜಮೆಯಾಗುತ್ತದೆಯೇ ಎಂಬುದು ನೋಂದಣಿಯ ಮೊದಲೇ ಬರೆದಿರಲಿ. ರದ್ದು ಮಾಡಿದರೆ ಮುಳುಗುತ್ತೇನೆ ಎಂಬ ಸಂಘಟಕ ಯಾವ ಮೋಡವನ್ನೂ ನೋಡುವುದಿಲ್ಲ. ಮಳೆ ತಡೆಯುವ ಜಾಕೆಟ್ಟು, ಸೀಟಿ, ತಲೆದೀಪ, ಮೈ ಸುತ್ತುವ ಹೊಳೆವ ಹಾಳೆ, ಇಷ್ಟಿಲ್ಲದವನನ್ನು ಹೊರಡುವ ಗೆರೆಯಲ್ಲೇ ತಡೆಯಬೇಕು. ಆಲ್ಪ್ಸ್ ಪರ್ವತದ ದೊಡ್ಡ ಓಟಗಳಲ್ಲಿ ಚೀಲ ಬಿಚ್ಚಿಸಿ ನೋಡುತ್ತಾರೆ, ಯಾರೂ ಅವಮಾನವೆಂದು ತಿಳಿಯುವುದಿಲ್ಲ.

ನಮ್ಮಲ್ಲಿ ನಿಯಮ ಹುಟ್ಟುವುದು ಯಾವಾಗಲೂ ಆದ ಮೇಲೆ. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರ ಪರ್ವತದ ದಾರಿಗೆ ಸಾವಿರಾರು ಜನ ಮುಗಿಬಿದ್ದ ಚಿತ್ರ ಊರೆಲ್ಲ ಹರಿದಾಡಿದ ಬಳಿಕವೇ ಚಾರಣಕ್ಕೆ ತಡೆ, ಆನ್‌ಲೈನ್ ಬುಕಿಂಗ್, ದಿನಕ್ಕಿಷ್ಟೇ ಜನ ಎಂಬ ಮಿತಿ ಬಂದವು. ಕೊಡಚಾದ್ರಿಯ ಪುಣ್ಯಕ್ಕೆ ಇನ್ನೂ ಹೊತ್ತಿದೆ. ಉಡುಪಿ, ಶಿವಮೊಗ್ಗದ ಜಿಲ್ಲಾಧಿಕಾರಿಗಳು ಮತ್ತು ವನ್ಯಜೀವಿ ವಿಭಾಗದವರು ಈ ಮಳೆಗಾಲದೊಳಗೆ ಒಮ್ಮೆ ಕೊಲ್ಲೂರಿನಲ್ಲಿ ಕೂರಲಿ. ಹೆಚ್ಚೇನೂ ಬೇಡ, ಒಂದು ಪುಟದ ಅರ್ಜಿ ನಮೂನೆ ಸಾಕು. ಅದರ ಮೊದಲ ಸಾಲಿನಲ್ಲಿ ಓಟದ ಹೆಸರು, ಎರಡನೆಯದರಲ್ಲಿ ದಿನಾಂಕ. ಮೂರನೆಯ ಸಾಲು ಓಟ ನಿಲ್ಲಿಸುವ ನಾಲ್ವರ ಹೆಸರು, ಸಹಿ, ಅಂದು ಬೆಳಿಗ್ಗೆ ಅವರು ನಿಂತಿರುವ ಜಾಗ. ಆ ಸಾಲು ಖಾಲಿ ಇದ್ದರೆ ಅರ್ಜಿ ಅಲ್ಲಿಂದಲೇ ವಾಪಸು.