ಜೆಇ ಬಾಯಿಮಾತಿಗೆ ಚರಂಡಿ ಮಾಯ?

ನಮ್ಮೂರ ಸಿಸಿ ರಸ್ತೆ ಪಕ್ಕ ಚರಂಡಿ ಬರಬೇಕಿತ್ತು. ಬರಲಿಲ್ಲ. ಕೇಳಿದರೆ ಗುತ್ತಿಗೆದಾರರು, 'ಜೆಇ ಸಾಹೇಬ್ರೇ ಬೇಡ ಅಂದ್ರು' ಅಂತಾರೆ. ಹಾಗನ್ನೋಕೆ ಜೆಇಗೆ ಅಧಿಕಾರವೇ ಇಲ್ಲ ಸ್ವಾಮಿ!

ಮಂಜೂರಾದ ಅಂದಾಜು ಪಟ್ಟಿಯಲ್ಲಿ ಒಂದು ಕೆಲಸ ಕೈಬಿಡಬೇಕಾದರೂ, ಹೊಸದು ಸೇರಿಸಬೇಕಾದರೂ ಮೇಲಧಿಕಾರಿಯ ಲಿಖಿತ ಒಪ್ಪಿಗೆ ಬೇಕು. ಜೆಇ ಮಾಡಬೇಕಾದ್ದು ಬೇರೆ. ಜಾಗಕ್ಕೆ ಬಂದು, ಟೇಪು ಹಿಡಿದು ಉದ್ದ, ಅಗಲ, ದಪ್ಪ ಅಳೆದು ಅಳತೆ ಪುಸ್ತಕದಲ್ಲಿ ಬರೆದು ಸಹಿ ಹಾಕಬೇಕು. ಎಂಬಿ ಅಂತಾರಲ್ಲ, ಅದೇ. ಅದರ ಆಧಾರದ ಮೇಲೇ ಬಿಲ್ಲು ಆಗೋದು. ಕಾಂಕ್ರೀಟ್ ಬಿದ್ದ ಮೇಲೆ ಕೆಳಗೆ ಜಲ್ಲಿ ಎಷ್ಟಿತ್ತು ಅಂತ ಯಾರಿಗೆ ಕಾಣುತ್ತೆ? ಮುಚ್ಚೋ ಮುಂಚೆಯೇ ಅಳೆಯಬೇಕು. ಗುತ್ತಿಗೆದಾರರ ಕಾರಲ್ಲಿ ಬಂದು, ಟೀ ಕುಡಿದು, ಸಹಿ ಹಾಕಿ ಹೋದರೆ ಆಯ್ತಾ?

ನಾವೂ ಸಾಚಾಗಳಲ್ಲ ಬಿಡಿ. 'ನಮ್ಮನೆ ಮೆಟ್ಟಿಲು ಉಳಿಸಿ ಸಾರ್' ಅಂತ ಅದೇ ಜೆಇಗೆ ಕೈ ಮುಗಿದವರು ಎಷ್ಟು ಜನ!

ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಎಂಬಿ ನಕಲಿಗೆ ಅರ್ಜಿ ಹಾಕೋಣ. 2005ರ ಆ ಕಾಯ್ದೆಯ ಕಲಂ 2(ಜೆ) ಪ್ರಕಾರ ಕಾಮಗಾರಿಯನ್ನೇ ಪರಿಶೀಲಿಸಬಹುದು, ಸಾಮಗ್ರಿಯ ಮಾದರಿಯನ್ನೂ ಕೇಳಬಹುದು. ಇಲ್ಲದ ಚರಂಡಿಯ ಅಳತೆ ಆ ಪುಸ್ತಕದಲ್ಲಿದ್ದರೆ, ಅದನ್ನು ಹಿಡಿದುಕೊಂಡೇ ಮುಂದಿನ ಗ್ರಾಮಸಭೆಗೆ ಬನ್ನಿ.