ತರಗತಿಯಲ್ಲಿ ನಮ್ಮ ಬಾಯಿಮಾತು: ಹೆಣ್ಣು, ಅಂಗವೈಕಲ್ಯ ಮತ್ತು ಭಾಷೆ

ಬಿ.ಇಡಿ. ತರಗತಿಯಲ್ಲಿ ನಾವು ‘ಲಿಂಗತ್ವ, ಶಾಲೆ ಮತ್ತು ಸಮಾಜ’ ಎಂಬ ಪತ್ರಿಕೆಯನ್ನು ಓದುತ್ತೇವೆ. ಸಮನ್ವಯ ಶಿಕ್ಷಣದ ಪತ್ರಿಕೆಯನ್ನೂ ಓದುತ್ತೇವೆ. ಎರಡಕ್ಕೂ ಬೇರೆ ಉಪನ್ಯಾಸಕರು, ಬೇರೆ ನೋಟ್ಸ್, ಬೇರೆ ಪರೀಕ್ಷೆ. ಒಂದರಲ್ಲಿ ಹೆಣ್ಣುಮಕ್ಕಳ ಬಗ್ಗೆ ಬರೆದು ಅಂಕ ಪಡೆಯುತ್ತೇವೆ, ಇನ್ನೊಂದರಲ್ಲಿ ಅಂಗವಿಕಲ ಮಕ್ಕಳ ಬಗ್ಗೆ. ಹಾಗಾದರೆ ಅಂಗವಿಕಲ ಹುಡುಗಿ ಯಾವ ಪತ್ರಿಕೆಗೆ ಸೇರಿದವಳು? ಅಭ್ಯಾಸ ಬೋಧನೆಗೆ ಹೋದಾಗ ಈ ಪ್ರಶ್ನೆ ನನ್ನನ್ನು ಬಿಡದೆ ಕಾಡಿತು. ಈ ಎರಡೂ ಪತ್ರಿಕೆಗಳು ಒಟ್ಟಿಗೆ ಪರೀಕ್ಷೆಗೆ ಒಳಗಾಗುವ ಜಾಗ ಒಂದಿದೆ. ಅದು ತರಗತಿಯಲ್ಲಿ ನಾವು ಆಡುವ ಮಾತು ಎಂಬುದು ನನ್ನ ಅಭಿಪ್ರಾಯ.

ಇಂಟರ್ನ್‌ಶಿಪ್ ಅವಧಿಯಲ್ಲಿ ಪಾಠ ವೀಕ್ಷಣೆಯ ಪುಸ್ತಕದ ಕೊನೆಯ ಪುಟಗಳಲ್ಲಿ ಕಿವಿಗೆ ಬಿದ್ದ ಮಾತುಗಳನ್ನು ಬರೆದುಕೊಳ್ಳುತ್ತಿದ್ದೆ. ‘ಬೋರ್ಡ್ ಮೇಲೆ ಬರೆದಿರೋದು ಕಾಣಲ್ವಾ, ಕುರುಡಾ?’ ‘ಎಷ್ಟು ಸಲ ಹೇಳೋದು, ಕಿವುಡಿ!’ ‘ಏನೇ, ಮೂಗಿ ಥರ ನಿಂತಿದೀಯ?’ ‘ಹೋಂವರ್ಕ್‌ಗೆ ಕುಂಟು ನೆಪ ಹೇಳ್ಬೇಡ.’ ಈ ಮಾತು ಕೇಳಿಸಿಕೊಂಡ ಮಕ್ಕಳಿಗೆ ಕಣ್ಣು ಕಾಣುತ್ತಿತ್ತು, ಕಿವಿ ಕೇಳುತ್ತಿತ್ತು. ಆಡಿದವರಲ್ಲಿ ದುರುದ್ದೇಶವೂ ಇರಲಿಲ್ಲ. ಅವರಲ್ಲಿ ಒಳ್ಳೆಯ ಶಿಕ್ಷಕರೂ ಇದ್ದರು. ಆದರೆ ಎಂಟನೇ ತರಗತಿಯ ಎರಡನೇ ಬೆಂಚಿನಲ್ಲಿ ಶ್ರವಣ ಸಾಧನ ಹಾಕಿಕೊಂಡ ಹುಡುಗಿಯೊಬ್ಬಳು ಕೂರುತ್ತಿದ್ದಳು. ‘ಕಿವುಡಿ’ ಎಂಬ ಮಾತು ಯಾರ ಮೇಲೆ ಬಿದ್ದರೂ ಅವಳ ಕೈ ತನ್ನ ಜಡೆಯ ಕಡೆ ಹೋಗುತ್ತಿತ್ತು. ಕೂದಲನ್ನು ಕಿವಿಯ ಮೇಲೆ ಎಳೆದುಕೊಳ್ಳುತ್ತಿದ್ದಳು. ಬೈಸಿಕೊಂಡ ಹುಡುಗಿ ನಕ್ಕು ಮರೆಯುತ್ತಿದ್ದಳು, ಬೈಗುಳ ತಲುಪಿದ್ದು ಇವಳಿಗೆ.

ಇದು ನಮಗೆ, ಮುಖ್ಯವಾಗಿ ಹೆಣ್ಣುಮಕ್ಕಳಿಗೆ, ಅರ್ಥವಾಗದ ವಿಷಯವೇನಲ್ಲ. ಹೆದರಿದ ಗಂಡಸಿಗೆ ‘ಕೈಗೆ ಬಳೆ ತೊಟ್ಟುಕೋ’ ಎನ್ನುತ್ತಾರೆ. ಆ ಮಾತನ್ನು ಯಾವ ಹೆಣ್ಣಿಗೂ ಹೇಳಿಲ್ಲ, ಆದರೂ ಬಳೆ ತೊಟ್ಟ ಪ್ರತಿಯೊಬ್ಬಳಿಗೂ ಅದು ತಾಗುತ್ತದೆ. ನಮ್ಮ ಬಳೆ ಇನ್ನೊಬ್ಬನ ಅವಮಾನಕ್ಕೆ ಅಳತೆಗೋಲಾಯಿತಲ್ಲ ಎಂದು ಸಿಟ್ಟು ಬರುತ್ತದೆ. ಒಬ್ಬರ ದೇಹವನ್ನು ಇನ್ನೊಬ್ಬರ ತಪ್ಪಿಗೆ ಉಪಮೆ ಮಾಡುವುದು ಎರಡೂ ಕಡೆ ಒಂದೇ. ಬಳೆಯ ಮಾತಿಗೆ ಸಿಟ್ಟಾಗುವವರು ‘ಕುಂಟು ನೆಪ’ವನ್ನೂ ಒಮ್ಮೆ ಕಿವಿಗೊಟ್ಟು ಕೇಳಬೇಕು.

ಹೆಣ್ಣಿನ ವಿಷಯದಲ್ಲಿ ಈ ಭಾರ ಎರಡು ಪಟ್ಟು. ರಾಮಾಯಣದ ಕಥೆ ಹೇಳುವಾಗ ಮಂಥರೆಯ ಹೆಸರಿಗೆ ಮೊದಲು ‘ಗೂನುಬೆನ್ನಿನ’ ಎಂದು ಸೇರಿಸುತ್ತೇವೆ. ಬೆನ್ನು ಬಾಗಿದ್ದರಿಂದಲೇ ಬುದ್ಧಿಯೂ ಬಾಗಿತು ಎಂಬಂತೆ ಕಥೆ ಸಾಗುತ್ತದೆ. ಮುದುಕಿ, ದಾಸಿ, ಗೂನಿ ಎಂಬ ಮೂರೂ ಸೇರಿ ಕೇಡಿನ ಗುರುತಾಗುತ್ತವೆ. ಕುವೆಂಪು 1949ರಲ್ಲಿ ಪ್ರಕಟವಾದ ‘ಶ್ರೀ ರಾಮಾಯಣ ದರ್ಶನಂ’ನಲ್ಲಿ ಇದೇ ಮಂಥರೆಯನ್ನು ಮಮತೆಯ ಕಣ್ಣಿನಿಂದ ನೋಡಿದರು, ಅವಳ ನಡೆಗೆ ಕಾರಣವನ್ನು ಬೆನ್ನಿನಲ್ಲಲ್ಲ, ಮನಸ್ಸಿನಲ್ಲಿ ಹುಡುಕಿದರು. ಕನ್ನಡ ಬೋಧನಾ ವಿಷಯ ತೆಗೆದುಕೊಂಡ ನಮಗೆ ದಾರಿ ನಮ್ಮ ಸಾಹಿತ್ಯದಲ್ಲೇ ಇದೆ ಎಂದಾಯಿತು.

ಬೈಗುಳಕ್ಕಿಂತ ಮೃದುವಾದ ಮಾತು ‘ಅಯ್ಯೋ ಪಾಪ’. ಕನ್ನಡದಲ್ಲಿ ಕನಿಕರಕ್ಕೂ ದುಷ್ಕರ್ಮದ ಫಲಕ್ಕೂ ಪಾಪ ಎಂಬ ಒಂದೇ ಪದವಿದೆ. ಅಂಗವಿಕಲ ಮಗುವಿನ ಮನೆಯಲ್ಲಿ ಎರಡೂ ಅರ್ಥಗಳು ಒಟ್ಟಿಗೆ ಕೇಳಿಸುತ್ತವೆ. ‘ಯಾವ ಜನ್ಮದ ಕರ್ಮವೋ’ ಎಂಬ ಪ್ರಶ್ನೆ ಹೆಚ್ಚಾಗಿ ಬಂದು ನಿಲ್ಲುವುದು ತಾಯಿಯ ಮುಂದೆ. ಸೀಳುತುಟಿಯ ಮಗು ಹುಟ್ಟಿದರೆ ಬಸುರಿಯಲ್ಲಿ ಗ್ರಹಣದ ಹೊತ್ತು ಹೊರಗೆ ಬಂದಿದ್ದಳು ಎನ್ನುತ್ತಾರೆ. ತಂದೆ ಗ್ರಹಣದಲ್ಲಿ ಎಲ್ಲಿದ್ದ ಎಂದು ಯಾರೂ ಕೇಳುವುದಿಲ್ಲ. ಗ್ರಹಣದ ಪಾಠ ಮಾಡುವ ವಿಜ್ಞಾನದ ಗೆಳೆಯರು ಸೂರ್ಯ, ಚಂದ್ರ, ಭೂಮಿಯ ಚಿತ್ರ ಬರೆದು ನಿಲ್ಲಿಸದೆ, ಚಂದ್ರನ ನೆರಳು ಗರ್ಭದ ಮಗುವಿಗೆ ಏನೂ ಮಾಡದು ಎಂಬ ಒಂದು ವಾಕ್ಯ ಸೇರಿಸಲಿ. ಆ ವಾಕ್ಯ ಯಾವುದೋ ಮನೆಯ ತಾಯಿಯ ತಲೆಯ ಮೇಲಿನ ಹೊರೆ ಇಳಿಸಬಹುದು.

ಮಾತಿನಿಂದ ಏನಾಗುತ್ತದೆ, ಸೌಲಭ್ಯ ಬೇಕು ಎನ್ನುವವರಿದ್ದಾರೆ. ಸೌಲಭ್ಯ ಬೇಕು, ಸಂದೇಹವಿಲ್ಲ. 2011ರ ಜನಗಣತಿಯ ಪ್ರಕಾರ ದೇಶದಲ್ಲಿ 2.68 ಕೋಟಿ ಅಂಗವಿಕಲರಿದ್ದರು. ಅವರಲ್ಲಿ ಗಂಡಸರ ಸಾಕ್ಷರತೆ ಶೇ. 62, ಹೆಂಗಸರದು ಶೇ. 45. ಅಂಗವೈಕಲ್ಯ ಇಬ್ಬರಿಗೂ ಇದೆ, ಶಾಲೆಯ ದಾರಿ ಮಾತ್ರ ಹುಡುಗಿಗೆ ಹೆಚ್ಚು ದೂರ. ‘ಇವಳು ಓದಿ ಏನು ಮಾಡಬೇಕು, ಮದುವೆಯಂತೂ ಆಗಲ್ಲ’ ಎಂಬ ಒಂದು ಮಾತಿನಿಂದ ಎಷ್ಟೋ ಹುಡುಗಿಯರ ಓದು ನಿಲ್ಲುತ್ತದೆ. ಹುಡುಗಿಯ ಓದು ಮದುವೆಗಾಗಿ ಎಂಬ ನಂಬಿಕೆ, ಅಂಗವಿಕಲೆ ಮದುವೆಗೆ ಬಾರದವಳು ಎಂಬ ತೀರ್ಮಾನ, ಇವೆರಡೂ ಆ ಮಾತಿನಲ್ಲಿವೆ. ನಾವು ಹೋದ ಶಾಲೆಯಲ್ಲಿ ಊರುಗೋಲು ಹಿಡಿದು ಬರುತ್ತಿದ್ದ ಹುಡುಗಿ ಸಂಜೆ ನಾಲ್ಕರವರೆಗೆ ನೀರು ಕುಡಿಯುತ್ತಿರಲಿಲ್ಲ. ಹೆಣ್ಣುಮಕ್ಕಳ ಶೌಚಾಲಯಕ್ಕೆ ಮೂರು ಮೆಟ್ಟಿಲು, ಹಿಡಿದುಕೊಳ್ಳಲು ಕಂಬಿ ಇಲ್ಲ. ‘ಅವಳಿಗೆ ಅಭ್ಯಾಸ ಆಗಿದೆ ಬಿಡಿ’ ಎಂದು ಉತ್ತರ ಬಂತು. ಮೆಟ್ಟಿಲು ಹಾಗೆಯೇ ಉಳಿಯುವುದು ಇಂಥ ಮಾತಿನ ಬಲದಿಂದ. ತೊಂದರೆ ಅವಳ ಕಾಲಿನಲ್ಲಿದೆ ಎಂದರೆ ಯಾರೂ ಏನೂ ಮಾಡಬೇಕಾಗಿಲ್ಲ. ತೊಂದರೆ ಮೆಟ್ಟಿಲಿನಲ್ಲಿದೆ ಎಂದರೆ ಗಾರೆಯವರನ್ನು ಕರೆಸಬೇಕಾಗುತ್ತದೆ.

‘ಹೀಗೆ ಒಂದೊಂದೇ ಪದ ಬಿಡುತ್ತಾ ಹೋದರೆ ಕನ್ನಡದಲ್ಲಿ ಉಳಿಯುವುದೇನು?’ ಎಂದು ಗೆಳತಿಯೊಬ್ಬಳು ಕೇಳಿದಳು. ನ್ಯಾಯವಾದ ಪ್ರಶ್ನೆ. ನಮ್ಮ ಭಾಷೆ ಅಷ್ಟು ಬಡವಲ್ಲ ಎಂಬುದು ನನ್ನ ಉತ್ತರ. ಕುಂಟು ನೆಪಕ್ಕೆ ಹುಸಿ ನೆಪ ಇದೆ. ಅಂಧಾನುಕರಣೆಗೆ ಹಿಂದುಮುಂದು ನೋಡದ ಅನುಕರಣೆ ಎನ್ನಬಹುದು. ಜಾಣಕುರುಡು ಎನ್ನುವ ಕಡೆ ಕಂಡೂ ಕಾಣದಂತೆ ಇರುವುದು ಎಂದರೆ ಅರ್ಥ ಇನ್ನೂ ತಿಳಿಯಾಗುತ್ತದೆ. ಗಾದೆಗಳನ್ನು ಪುಸ್ತಕದಿಂದ ಅಳಿಸಬೇಕೆಂದು ನಾನು ಹೇಳುತ್ತಿಲ್ಲ. ‘ಬಂಜೆ’ ಎಂಬ ಪದ ನಿಘಂಟಿನಲ್ಲಿ ಇಂದಿಗೂ ಇದೆ. ಆದರೂ ತರಗತಿಯಲ್ಲಿ ಅದನ್ನು ಬಳಸುವ ಮುನ್ನ ನಾವು ಯೋಚಿಸುತ್ತೇವೆ. ಆ ಎಚ್ಚರವನ್ನು ನಮಗೆ ಕಲಿಸಿದ್ದು ಸ್ತ್ರೀವಾದ.

ಆದರೆ ಸ್ತ್ರೀವಾದಿಗಳಾದ ನಮ್ಮ ಮಾತನ್ನೂ ಸೋಸಬೇಕಾಗಿದೆ. ಮಹಿಳಾ ದಿನಾಚರಣೆಯ ಭಾಷಣದಲ್ಲಿ ‘ಹೆಣ್ಣು ಅಬಲೆಯಲ್ಲ, ಸಬಲೆ’ ಎಂದು ಹೇಳುವುದು ರೂಢಿ. ಬಲವಿದ್ದರೆ ಮಾತ್ರ ಗೌರವ ಎಂದು ಅದರ ಒಳಗೆ ಒಪ್ಪಿಕೊಂಡಂತಾಗುತ್ತದೆ. ಬಟ್ಟೆ ಹಾಕಿಕೊಳ್ಳಲು ಇನ್ನೊಬ್ಬರ ಕೈ ಬೇಕಾದ ಹುಡುಗಿ ಸಭೆಯಲ್ಲಿ ಕೂತು ಅದನ್ನು ಕೇಳಿದರೆ ಏನೆಂದುಕೊಳ್ಳಬೇಕು? ಹೆಣ್ಣಿನ ಘನತೆ ಅವಳ ತೋಳ್ಬಲದಲ್ಲಿಲ್ಲ ಎಂದು ಹೇಳುವ ಧೈರ್ಯ ನಮಗೆ ಬರಬೇಕು.

ಹಾಗಾದರೆ ಏನೆಂದು ಕರೆಯಬೇಕು? ನಮ್ಮ ಸರ್ಕಾರಿ ಇಲಾಖೆಯ ಹೆಸರಿನಲ್ಲಿ ‘ವಿಕಲಚೇತನ’ ಎಂದಿದೆ. ಪದ ಬಿಡಿಸಿದರೆ ಅಂಗದ ಕೊರತೆ ಚೇತನಕ್ಕೇ ಹೋಗಿರುತ್ತದೆ. 2015ರ ಕೊನೆಯಲ್ಲಿ ಪ್ರಧಾನಿಯವರು ಸೂಚಿಸಿದ ‘ದಿವ್ಯಾಂಗ’ ಹೊಗಳುತ್ತದೆ, ಆದರೆ ಮೆಟ್ಟಿಲು ಏರಲಾಗದ ಕಾಲಿನಲ್ಲಿ ದಿವ್ಯವಾದದ್ದು ಏನಿದೆ ಎಂದು ಆ ಹುಡುಗಿ ಕೇಳಬಹುದು. ನನಗೆ ‘ಅಂಗವಿಕಲ ವ್ಯಕ್ತಿ’ ಸಾಕೆನಿಸುತ್ತದೆ. ತರಗತಿಯಲ್ಲಂತೂ ಅದೂ ಬೇಡ, ಹಾಜರಿ ಪುಸ್ತಕದಲ್ಲಿ ಅವಳಿಗೊಂದು ಹೆಸರಿದೆ.

ಕಾನೂನು ಈ ವಿಷಯದಲ್ಲಿ ನಮಗಿಂತ ಮುಂದೆ ಹೋಗಿದೆ. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016ರ 92ನೇ ಪ್ರಕರಣದ ಪ್ರಕಾರ, ಅಂಗವಿಕಲ ವ್ಯಕ್ತಿಯನ್ನು ನಾಲ್ಕು ಜನರೆದುರು ಬೇಕೆಂದೇ ಅವಮಾನಿಸಿದರೆ 6 ತಿಂಗಳಿಂದ 5 ವರ್ಷದವರೆಗೆ ಶಿಕ್ಷೆಯಿದೆ. ರಾಜಕೀಯ ಪಕ್ಷಗಳು ಭಾಷಣಗಳಲ್ಲಿ ಇಂಥ ಪದ ಬಳಸಬಾರದೆಂದು ಚುನಾವಣಾ ಆಯೋಗ 2023ರ ಡಿಸೆಂಬರ್‌ನಲ್ಲಿ ತಿಳಿಸಿತು. ಸಿನಿಮಾಗಳಲ್ಲಿ ಅಂಗವೈಕಲ್ಯವನ್ನು ತೋರಿಸುವ ಬಗೆಗೆ ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ ಮಾರ್ಗಸೂಚಿ ನೀಡಿತು. ರಾಜಕಾರಣಿಗೂ ನಟರಿಗೂ ಬೇಕಾದ ಎಚ್ಚರ ದಿನಕ್ಕೆ ಐದಾರು ಪೀರಿಯಡ್ ಮಕ್ಕಳೆದುರು ಮಾತಾಡುವ ಶಿಕ್ಷಕರಿಗೆ ಬೇಡವೇ?

ನಮ್ಮ ಪಾಠದ ಮೌಲ್ಯಮಾಪನ ನಮೂನೆಯಲ್ಲಿ ಪೀಠಿಕೆ, ಪ್ರಶ್ನೆ ಕೇಳುವ ಕೌಶಲ, ಕಪ್ಪುಹಲಗೆಯ ಬಳಕೆ, ಧ್ವನಿಯ ಏರಿಳಿತಕ್ಕೆಲ್ಲ ಅಂಕಗಳಿವೆ. ಮಕ್ಕಳನ್ನು ಹೇಗೆ ಕರೆದರು, ಯಾವ ಮಾತಿನಲ್ಲಿ ತಿದ್ದಿದರು ಎಂಬುದಕ್ಕೆ ಕಾಲಂ ಇಲ್ಲ. ಮುಂದಿನ ತಂಡದ ನಮೂನೆಯಲ್ಲಿ ಆ ಒಂದು ಸಾಲನ್ನು ಸೇರಿಸಬೇಕೆಂದು ಪ್ರಾಂಶುಪಾಲರಲ್ಲೂ ಮಾರ್ಗದರ್ಶಕ ಉಪನ್ಯಾಸಕರಲ್ಲೂ ನನ್ನ ವಿನಂತಿ. ಅಲ್ಲಿಯವರೆಗೆ ಸಹಪಾಠಿಗಳು ವೀಕ್ಷಣಾ ಪುಸ್ತಕದಲ್ಲಿ ಒಂದು ಪುಟವನ್ನು ಇದಕ್ಕಾಗಿ ಬಿಟ್ಟುಕೊಳ್ಳಲಿ. ಬೇರೆಯವರ ಪಾಠದಲ್ಲಿ ಕೇಳಿದ ಇಂಥ ಮಾತುಗಳನ್ನು ಅಲ್ಲಿ ಬರೆದು, ಪ್ರತಿಯೊಂದರ ಎದುರು ಬದಲಿ ಕನ್ನಡ ಮಾತೊಂದನ್ನು ಬರೆಯಲಿ. ವಾರಾಂತ್ಯದ ಚರ್ಚೆಗೆ ಅಷ್ಟು ಸಾಮಗ್ರಿ ಸಾಕು.