ಗಂಟೆ ಬಾರಿಸಿದರೆ ಬರುವ ಎಚ್ಚರ

ಕನಸು ಕಾಣುತ್ತಿರುವಾಗಲೇ ‘ಇದು ಕನಸು’ ಎಂದು ತಿಳಿಯುವುದಕ್ಕೆ ಹಗಲಿನ ಅಭ್ಯಾಸ ಬೇಕೆಂಬ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ಆ ಅಭ್ಯಾಸವನ್ನು ಮೊಬೈಲಿನ ಗಂಟೆಗೆ ಒಪ್ಪಿಸಿಬಿಟ್ಟಿರುವುದನ್ನು ಮಾತ್ರ ಒಪ್ಪಲಾರೆ. ಬೆಂಗಳೂರಿನಲ್ಲಿ ದುಡಿಯುವ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಇಬ್ಬರು ಮೂವರು ಈ ಗೀಳಿಗೆ ಬಿದ್ದಿದ್ದಾರೆ. ದಿನಕ್ಕೆ ಹತ್ತು ಬಾರಿ ಗಂಟೆ ಬಾರಿಸುತ್ತದೆ. ಇವರು ಮೂಗು ಹಿಡಿದು ಉಸಿರೆಳೆದು ನೋಡುತ್ತಾರೆ, ಬೆರಳು ಎಣಿಸುತ್ತಾರೆ, ‘ನಾನೀಗ ಕನಸಿನಲ್ಲಿರುವೆನೇ?’ ಎಂದು ಕೇಳಿ ಉತ್ತರಕ್ಕೂ ಕಾಯದೆ ಕೆಲಸಕ್ಕೆ ಮರಳುತ್ತಾರೆ. ಇದು ಸಾಧನೆಯಲ್ಲ, ಹಾಜರಿ ಹಾಕುವುದು.

ವಿಷಯವೇನೂ ಟೊಳ್ಳಲ್ಲ. 1975ರಲ್ಲಿ ಇಂಗ್ಲೆಂಡಿನ ಕೀತ್ ಹರ್ನ್, ಆನಂತರ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಸ್ಟೀಫನ್ ಲಬರ್ಜ್, ನಿದ್ರಿಸುತ್ತಿದ್ದವರು ಮೊದಲೇ ಒಪ್ಪಿಕೊಂಡಂತೆ ಕಣ್ಣುಗಳನ್ನು ಎಡಬಲಕ್ಕೆ ಹೊರಳಿಸಿ ಕನಸಿನೊಳಗಿಂದ ಸಂಜ್ಞೆ ಕೊಟ್ಟದ್ದನ್ನು ಯಂತ್ರದಲ್ಲಿ ದಾಖಲಿಸಿದರು. ಕನಸಿನ ನಿದ್ರೆಯಲ್ಲಿ ಮೈಯ ಸ್ನಾಯುಗಳು ಸಡಿಲಗೊಂಡು ನಿಶ್ಚಲವಾಗಿದ್ದರೂ ಕಣ್ಣುಗುಡ್ಡೆಗಳು ಚಲಿಸಬಲ್ಲವು. ಆ ಕಿಂಡಿಯಿಂದಲೇ ಸಾಕ್ಷ್ಯ ದೊರೆಯಿತು. ಹಗಲಿನ ಪ್ರಶ್ನೆಗೆ ಒಂದು ಕ್ರಮವನ್ನು ಕೊಟ್ಟವರು ಜರ್ಮನಿಯ ಪೌಲ್ ಥೋಲೈ. ಆತ ಬಯಸಿದ್ದು ನಿಜವಾದ ಸಂಶಯವನ್ನು: ಈಗ ಎಲ್ಲಿದ್ದೇನೆ, ಇಲ್ಲಿಗೆ ಹೇಗೆ ಬಂದೆ, ಸುತ್ತಲಿನದರಲ್ಲಿ ಅಸಂಗತವಾದದ್ದೇನಾದರೂ ಇದೆಯೇ ಎಂಬ ವಿಚಾರಣೆಯನ್ನು. 2017ರಲ್ಲಿ ಆಸ್ಟ್ರೇಲಿಯಾದ ಡೆನ್‌ಹಾಮ್ ಆಸ್ಪಿ ಪ್ರಕಟಿಸಿದ ಅಧ್ಯಯನದಲ್ಲಿ ಹಗಲಿನ ಪರೀಕ್ಷೆಯೊಂದನ್ನೇ ನೆಚ್ಚಿದವರಿಗೆ ಹೇಳಿಕೊಳ್ಳುವಂಥ ಫಲ ಸಿಗಲಿಲ್ಲ. ಅದರ ಜೊತೆಗೆ ಐದು ಗಂಟೆ ನಿದ್ರಿಸಿ, ಎದ್ದು, ‘ಮುಂದಿನ ಕನಸಿನಲ್ಲಿ ಇದು ಕನಸೆಂದು ನೆನಪಿಸಿಕೊಳ್ಳುವೆ’ ಎಂದು ಸಂಕಲ್ಪಿಸಿ ಮತ್ತೆ ಮಲಗಿದವರಿಗೆ ಸಿಕ್ಕಿತು. ಅದೂ ಸುಮಾರು ಆರು ರಾತ್ರಿಗೆ ಒಂದರಂತೆ.

ಇನ್ನು ‘ಇದೆಲ್ಲ ನಮ್ಮ ಉಪನಿಷತ್ತಿನಲ್ಲೇ ಇದೆ’ ಎನ್ನುವ ನಮ್ಮ ಬಂಧುಗಳು. ಮಾಂಡೂಕ್ಯದ ಹನ್ನೆರಡು ಮಂತ್ರಗಳು ಜಾಗ್ರತ್, ಸ್ವಪ್ನ, ಸುಷುಪ್ತಿಗಳನ್ನು ಹೇಳುವುದು ತುರೀಯವನ್ನು ತೋರಿಸುವುದಕ್ಕಾಗಿ. ಕನಸಿನಲ್ಲಿ ಬೇಕಾದಂತೆ ಹಾರಾಡುವುದಕ್ಕಲ್ಲ. ಗೌಡಪಾದರು ಎಚ್ಚರವನ್ನೂ ಕನಸನ್ನೂ ಸಮನಾಗಿ ತೂಗಿದರು, ನಿಜ. ಶಂಕರರೋ ಬ್ರಹ್ಮಸೂತ್ರಭಾಷ್ಯದಲ್ಲಿ ವಿಜ್ಞಾನವಾದಿಗಳಿಗೆ ಉತ್ತರಿಸುತ್ತ, ಎಚ್ಚೆತ್ತೊಡನೆ ಕನಸು ಬಾಧಿತವಾಗುತ್ತದೆ, ಜಾಗ್ರತ್ತು ಹಾಗಲ್ಲ ಎಂದು ಭೇದವನ್ನು ಎತ್ತಿ ಹಿಡಿದರು. ಯಾವುದನ್ನೂ ಓದದೆ ಎಲ್ಲವನ್ನೂ ನಮ್ಮದೆನ್ನುವುದು ಸೋಮಾರಿಗಳ ಅಭಿಮಾನ. ಸ್ವಪ್ನಾಭ್ಯಾಸವನ್ನು ಕ್ರಮಬದ್ಧವಾಗಿ ಬೆಳೆಸಿದ ಪರಂಪರೆ ಬೇಕಾದರೆ ನಮ್ಮ ರಾಜ್ಯದಲ್ಲೇ ನೆಲೆಸಿರುವ ಟಿಬೆಟ್ಟಿನವರದನ್ನು ನೋಡಬಹುದು. ಬೈಲಕುಪ್ಪೆಯ ನಾಮ್ಡ್ರೋಲಿಂಗ್ ಮಠವು ಸೇರಿದ ಞಿಂಗ್ಮಾ ಪಂಥದಲ್ಲೂ ಕಗ್ಯು ಪಂಥದಲ್ಲೂ ಅದು ಉಳಿದುಬಂದಿದೆ. ಅಲ್ಲಿ ಹಗಲಿನಲ್ಲಿ ಕಾಣುವುದೆಲ್ಲವೂ ಕನಸಿನಂತೆ ಎಂದು ಭಾವಿಸುವುದೇ ಅಭ್ಯಾಸ. ಗುರುವಿನ ಮಾರ್ಗದರ್ಶನವಿಲ್ಲದೆ ಅದಕ್ಕೆ ಕೈಹಾಕುವುದಿಲ್ಲ.

ಹಗಲಿನ ಎಚ್ಚರವೆಂದರೇನೆಂದು ತಿಳಿಯಬೇಕಾದವರು ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಕಡೆಯ ಯಾವುದಾದರೂ ತೋಟದಲ್ಲಿ ಕಾಯಿ ಸುಲಿಯುವವರ ಮುಂದೆ ಅರ್ಧ ಗಂಟೆ ಕೂರಲಿ. ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಗೆ ಕಾಯನ್ನು ಕುಕ್ಕಿ ತಿರುವುವಾಗ ಅಂಗೈಗೂ ಮೊನೆಗೂ ನಡುವೆ ಇರುವುದು ಬೆರಳಗಲದ ಮಟ್ಟೆ. ಅಟ್ಟದ ಮೇಲೆ ವರ್ಷದವರೆಗೆ ಒಣಗಿದ ಕಾಯನ್ನು ಕಿವಿಯ ಬಳಿ ಕುಲುಕಿ, ನೀರು ಇಂಗಿ ಕೊಬ್ಬರಿ ಚಿಪ್ಪನ್ನು ಬಿಟ್ಟಿತೋ ಇಲ್ಲವೋ ಎಂದು ಸದ್ದಿನಿಂದಲೇ ಹೇಳುವ ಅಜ್ಜಿಯರನ್ನು ನೋಡಲಿ. ಅವರಿಗೆಲ್ಲ ಕನಸಿನಲ್ಲಿ ಎಚ್ಚರವಾಗುತ್ತದೆಂದು ನಾನು ಹೇಳುತ್ತಿಲ್ಲ. ಪ್ರಶ್ನೆ ಕೇಳುವುದಾದರೆ ಆ ಕಿವಿಯಿಂದ ಕೇಳಿ ಎನ್ನುತ್ತಿದ್ದೇನೆ.

ನನಗೆ ನಿಜವಾಗಿ ಚಿಂತೆಯಾಗಿರುವುದು ನಿದ್ರೆಯ ವಿಷಯ. ಕನಸುಗಳು ದಟ್ಟವಾಗಿ ಬೀಳುವುದು ರಾತ್ರಿಯ ಕೊನೆಯ ಭಾಗದಲ್ಲಿ. ಒಂದು ಗಂಟೆಗೆ ಮಲಗಿ ಆರಕ್ಕೆ ಏಳುವವನು ಆ ಭಾಗವನ್ನೇ ಕಳೆದುಕೊಂಡಿರುತ್ತಾನೆ. ಅದರ ನಡುವೆ ಇನ್ನೊಂದು ಗಂಟೆ ಇಟ್ಟುಕೊಂಡರೆ ಕನಸೂ ಇಲ್ಲ, ನಿದ್ರೆಯೂ ಇಲ್ಲ. ಎರಡು ತಿಂಗಳು ಬೇಗ ಮಲಗಿ ನೋಡಿ, ಕನಸುಗಳನ್ನು ಎದ್ದೊಡನೆ ಬರೆದಿಡಿ, ಆಮೇಲೆ ಉಳಿದದ್ದು. ಎಚ್ಚರದಲ್ಲಿಯೇ ‘ಸುತ್ತಲಿನದು ನಿಜವಲ್ಲ’ ಎಂಬ ಭಾವ ಆಗಾಗ ಬಂದು ಕಂಗೆಡಿಸುವವರು ಮಾತ್ರ ಈ ಪ್ರಶ್ನೆಯ ಆಟವನ್ನು ಇಂದೇ ಬಿಟ್ಟು ವೈದ್ಯರನ್ನು ಕಾಣಬೇಕು. ಬೆಂಗಳೂರಿನಲ್ಲಿರುವವರಿಗೆ ನಿಮ್ಹಾನ್ಸ್ ದೂರವೇನಲ್ಲ.